ಬೇಸಿಗೆಯಲ್ಲಿ ಹಳೆಯ ಅಂಬಾಸಿಡರ್ ಇಂಜಿನ್ನನ್ನು ತಂಪಾಗಿಡುವ ಬಗೆ: ಮೀಟರಿನ ಮುಳ್ಳಿನಿಂದ ಘಾಟಿಯ ದಾರಿಯವರೆಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ನೆರಳಿನ ತಾಪಮಾನವೇ 40 ಡಿಗ್ರಿ ದಾಟಿರುತ್ತದೆ. ಡಾಂಬರಿಗೆ ಹತ್ತಿಕೊಂಡಿರುವ ಗಾಳಿ ಅದಕ್ಕಿಂತಲೂ ಬಿಸಿ. ಅಂಥ ಹೊತ್ತಿನಲ್ಲಿ ಬಾನೆಟ್ ಎತ್ತಿಕೊಂಡು ರಸ್ತೆ ಪಕ್ಕದಲ್ಲಿ ನಿಂತ ಅಂಬಾಸಿಡರನ್ನು ಕಂಡವರು ಹೇಳುವ ಮಾತು ಬಹುತೇಕ ಒಂದೇ: "ಹಳೇ ಗಾಡಿ, ಬಿಸಲು ತಡ್ಯಂಗಿಲ್ರಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿದ ಈ ಕಾರು 2014ರವರೆಗೂ ಹೊರಬರುತ್ತಲೇ ಇತ್ತು, ಮತ್ತು ದೆಹಲಿಯ ಮೇ ತಿಂಗಳ ಬಿಸಿಲಿನಲ್ಲಿ ಐದಾರು ಜನರನ್ನು ತುಂಬಿಕೊಂಡು ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದಿದೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿದ್ದರೆ ಅದರ ತಂಪು ವ್ಯವಸ್ಥೆ ನಮ್ಮ ಬೇಸಿಗೆಗೆ ಸಾಕಾಗುತ್ತದೆ. ಸಾಕಾಗುತ್ತಿಲ್ಲವೆಂದರೆ ಆ ಸ್ಥಿತಿಯಿಂದ ಅದು ಎಲ್ಲೆಲ್ಲಿ ಜಾರಿದೆ ಎಂಬುದನ್ನು ಒಂದೊಂದಾಗಿ ಹುಡುಕಬೇಕೇ ಹೊರತು, ದೊಡ್ಡ ರೇಡಿಯೇಟರ್ ಮತ್ತು ಇನ್ನೊಂದು ಫ್ಯಾನ್ ಕೊಂಡು ತಂದು ಜೋಡಿಸುವುದರಿಂದ ಕೆಲಸ ಆರಂಭಿಸಬಾರದು.

ಇಲ್ಲಿ ಹೇಳಿರುವುದೆಲ್ಲ 1489 ಸಿಸಿಯ ಪೆಟ್ರೋಲ್ ಇಂಜಿನ್ನಿಗೆ ಸಂಬಂಧಿಸಿದ್ದು. ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೂ ಬಹುಪಾಲು ಹೊಂದುತ್ತದೆ. ಆದರೆ ಪದ್ಮಿನಿಯ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯುಮಿನಿಯಮ್ಮಿನದು, ಅಂಬಾಸಿಡರಿನದು ಎರಕದ ಕಬ್ಬಿಣದ್ದು. ಈ ವ್ಯತ್ಯಾಸ ಎಲ್ಲಿ ಮುಖ್ಯವೋ ಅಲ್ಲಿ ತಿಳಿಸಿದ್ದೇನೆ. ಒಂದು ನಿಯಮವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿನಲ್ಲಿ ಓಡಿಸಿ, ಕಂಡದ್ದನ್ನು ಬರೆದಿಡಿ. ಒಂದೇ ದಿನ ನಾಲ್ಕು ಸಾಮಾನು ಬದಲಿಸಿದವರಿಗೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಮೊದಲ ಹಂತ: ನಿಜವಾಗಿ ಎಷ್ಟು ಬಿಸಿಯಾಗುತ್ತಿದೆ?

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಇಂಜಿನ್ ಬಿಚ್ಚಿಸಿದವರಿದ್ದಾರೆ. ನಲವತ್ತು ವರ್ಷದ ಮೀಟರು ಹತ್ತು ಡಿಗ್ರಿ ಹೆಚ್ಚು ತೋರಿಸಿದರೂ ಆಶ್ಚರ್ಯವಿಲ್ಲ, ಕಡಿಮೆ ತೋರಿಸಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ತಾಪಮಾಪಕವೊಂದನ್ನು ಕೊಳ್ಳಿ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ಕೂರುವ ಮನೆಯ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ಒಂದು ಚೂರು ಅಂಟಿಸಿ, ಅದರ ಮೇಲೆಯೇ ಗುರಿಯಿಟ್ಟು ಓದಬೇಕು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಅಲ್ಲಿ 80ರಿಂದ 95 ಡಿಗ್ರಿಯ ಒಳಗೆ ಇದ್ದರೆ ಗಾಡಿಗೆ ರೋಗವಿಲ್ಲ, ರೋಗವಿರುವುದು ಮೀಟರಿಗೆ.

ಬಿಸಿಯಾಗುವುದು ಯಾವಾಗ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಅರ್ಧ ಉತ್ತರ ಅದರಲ್ಲೇ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ಓಡತೊಡಗಿದ ಮೇಲೆ ಇಳಿದರೆ ಗಾಳಿಯ ಕೊರತೆ: ಫ್ಯಾನ್, ಬೆಲ್ಟ್, ರೇಡಿಯೇಟರಿನ ಎದುರು ಏನಾದರೂ ಅಡ್ಡವಿರುವುದು. ನಿಂತಾಗ ಸರಿಯಿದ್ದು ಗಂಟೆಗೆ 70 ಕಿ.ಮೀ. ವೇಗದಲ್ಲಿ ನಿಧಾನವಾಗಿ ಏರುತ್ತ ಹೋದರೆ ನೀರಿನ ಹರಿವಿನ ಕೊರತೆ ಅಥವಾ ಟೈಮಿಂಗಿನ, ಅಂದರೆ ಕಿಡಿ ಹಾರುವ ಹೊತ್ತಿನ, ದೋಷ. ಚಾಲೂ ಮಾಡಿದ ಐದೇ ನಿಮಿಷದಲ್ಲಿ ಏರಿದರೆ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು, ನೀರು ಇಲ್ಲದಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ಡಿನಡಿ ಸೋರದಂತೆ ತಡೆಯುವ ಪದರ) ಹೋಗಿರಬಹುದು. ಗ್ಯಾಸ್ಕೆಟ್ಟಿನ ಅನುಮಾನ ಪರಿಹರಿಸಿಕೊಳ್ಳಲು ತಣ್ಣಗಿರುವ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ಚಾಲೂ ಮಾಡಿ, ನೀರನ್ನೇ ನೋಡುತ್ತ ನಿಲ್ಲಿ. ಮೊದಲ ಒಂದೆರಡು ಗುಳ್ಳೆ ಸಹಜ. ಆಕ್ಸಿಲರೇಟರ್ ಒತ್ತಿದಂತೆಲ್ಲ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ, ಅಥವಾ ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ, ಉಳಿದದ್ದನ್ನೆಲ್ಲ ಬದಿಗಿಟ್ಟು ಮೊದಲು ಹೆಡ್ ಇಳಿಸಬೇಕು.

ಎರಡನೆಯ ಹಂತ: ನೀರಿನ ಮಟ್ಟ, ನೀರಿನ ಗುಣ, ಮುಚ್ಚಳ

ಹಳೆಯ ರೇಡಿಯೇಟರುಗಳಿಗೆ ಈಗಿನ ಕಾರುಗಳಲ್ಲಿರುವಂತೆ ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಇರುವುದಿಲ್ಲ. ನೀರು ಬಿಸಿಯಾಗಿ ಹಿಗ್ಗಿದಾಗ ಜಾಗ ಬೇಕಲ್ಲ, ಆ ಜಾಗ ಮೇಲಿನ ಟ್ಯಾಂಕಿನಲ್ಲೇ ಇರಬೇಕು. ಬೆಳಿಗ್ಗೆ ಕಂಠಪೂರ್ತಿ ನೀರು ತುಂಬಿಸುವವರು, ಹಿಗ್ಗಿದ ನೀರು ಪೈಪಿನಿಂದ ಹೊರಗೆ ಚೆಲ್ಲಿದ್ದನ್ನು ಕಂಡು ಗಾಡಿ ಕುದಿಯಿತೆಂದು ಹೆದರಿ ಮತ್ತೆ ತುಂಬಿಸುತ್ತಾರೆ. ಅದು ಮತ್ತೆ ಚೆಲ್ಲುತ್ತದೆ. ತಣ್ಣಗಿರುವಾಗ ಒಳಗಿನ ಕೊಳವೆಗಳ ತುದಿ ಮುಳುಗಿ, ಮೇಲೆ ಒಂದು ಅಂಗುಲದಷ್ಟು ಜಾಗ ಖಾಲಿ ಉಳಿದಿದ್ದರೆ ಸಾಕು. ಬಾಟಲಿ ಜೋಡಿಸಿಕೊಳ್ಳುವುದು ಒಳ್ಳೆಯದೇ; ಆದರೆ ನೀರನ್ನು ವಾಪಸ್ ಎಳೆದುಕೊಳ್ಳುವ ಸಣ್ಣ ಕವಾಟ ಮತ್ತು ಮೇಲ್ಭಾಗದಲ್ಲಿ ರಬ್ಬರ್ ವಾಷರ್ ಇರುವ ಮುಚ್ಚಳ ಇಲ್ಲದಿದ್ದರೆ ಆ ಬಾಟಲಿ ಅಲಂಕಾರಕ್ಕೆ ಮಾತ್ರ.

ಮುಚ್ಚಳದ ಕೆಲಸ ಒತ್ತಡ ಹಿಡಿಯುವುದು. ಚದರ ಅಂಗುಲಕ್ಕೆ ಒಂದು ಪೌಂಡ್ ಒತ್ತಡ ಹೆಚ್ಚಿದರೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 7 ಪೌಂಡಿನ ಮುಚ್ಚಳ ಸರಿಯಾಗಿ ಕೂತಿದ್ದರೆ ಅದು 107ರ ಆಸುಪಾಸಿಗೆ ಹೋಗುತ್ತದೆ. ಮುಚ್ಚಳದ ರಬ್ಬರ್ ಬಿಸ್ಕತ್ತಿನಂತೆ ಗಡುಸಾಗಿ ಬಿರುಕು ಬಿಟ್ಟಿದ್ದರೆ ಈ ಹತ್ತು ಡಿಗ್ರಿಯ ರಕ್ಷೆ ಪೂರ್ತಿ ಹೋಯಿತೆಂದೇ ಅರ್ಥ. ಹಾಗೆಂದು ಹೊಸ ಕಾರುಗಳ 13 ಅಥವಾ 15 ಪೌಂಡಿನ ಮುಚ್ಚಳ ತಂದು ಹಾಕಬೇಡಿ. ಹಳೆಯ ಹಿತ್ತಾಳೆ ಟ್ಯಾಂಕಿನ ಬೆಸುಗೆ ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಬಿಟ್ಟುಕೊಳ್ಳುವುದು ಮನೆಯಿಂದ ನೂರು ಕಿ.ಮೀ. ದೂರ ಹೋದ ಮೇಲೆಯೇ. ಮೂಲ ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟನ್ನೇ ಹೊಸದಾಗಿ ಕೊಳ್ಳಬೇಕು.

ಇನ್ನು ನೀರು. ಕಲಬುರಗಿ, ರಾಯಚೂರು, ಕೋಲಾರದ ಬೋರ್‌ವೆಲ್ ನೀರು ಎಷ್ಟು ಗಡಸೆಂಬುದನ್ನು ಮನೆಯ ಗೀಸರ್ ಬಿಚ್ಚಿಸಿದವರಿಗೆ ಹೇಳಬೇಕಾಗಿಲ್ಲ. ಅದೇ ಸುಣ್ಣದ ಪದರ ಇಂಜಿನ್ನಿನ ಒಳಗೂ ಕಟ್ಟುತ್ತದೆ, ಮತ್ತು ಬಿಸಿಯನ್ನು ಲೋಹದಿಂದ ನೀರಿಗೆ ದಾಟಲು ಬಿಡುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಕೂಲೆಂಟ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ಹೆಚ್ಚು ಹಾಕಿದಷ್ಟೂ ತಂಪು ಎಂದು. ವಾಸ್ತವದಲ್ಲಿ ಬಿಸಿಯನ್ನು ಹೊತ್ತೊಯ್ಯುವ ಶಕ್ತಿ ಬರೀ ನೀರಿಗೇ ಹೆಚ್ಚು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಬೆರೆಸಿದಷ್ಟೂ ಆ ಶಕ್ತಿ ಕುಗ್ಗುತ್ತದೆ. ಹಿಮ ಬೀಳದ ನಮ್ಮ ಸೀಮೆಯಲ್ಲಿ ತುಕ್ಕು ತಡೆಯಲು ಮತ್ತು ಕುದಿಬಿಂದುವನ್ನು ತುಸು ಏರಿಸಲು ನಾಲ್ಕನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಕೂಲೆಂಟ್ ಸಾಕು. ಬಣ್ಣ ನೋಡಿ ಕೊಳ್ಳದೆ, ತಾಮ್ರ, ಹಿತ್ತಾಳೆ ಮತ್ತು ಬೆಸುಗೆಗೆ ಹೊಂದುತ್ತದೆಯೇ ಎಂದು ಡಬ್ಬಿಯ ಮೇಲಿನ ಬರಹ ಓದಿ ಕೊಳ್ಳಬೇಕು.

ಮೂರನೆಯ ಹಂತ: ಬ್ಲಾಕಿನ ಒಳಗಿನ ಕೆಸರು

ಎಲ್ಲರೂ ದಾಟಿ ಹೋಗುವ ಹಂತ ಇದು. ನಾನೂ ಹಾಗೆಯೇ ದಾಟಿ ಹೋಗಿ ಪಶ್ಚಾತ್ತಾಪ ಪಟ್ಟವನು. ಕೆಲವು ವರ್ಷಗಳ ಹಿಂದೆ ಜೇವರ್ಗಿ ದಾಟಿ ಶಹಾಪುರದ ಕಡೆ ಹೋಗುವಾಗ ಮುಳ್ಳು ಕೆಂಪು ಗೆರೆ ಮುಟ್ಟಿತು. ಅದಕ್ಕೆ ಎರಡು ವಾರ ಮೊದಲಷ್ಟೇ ರೇಡಿಯೇಟರಿಗೆ ಹೊಸ ಜಾಲರಿ ಹಾಕಿಸಿದ್ದೆ, ವಾಟರ್ ಪಂಪ್ ಹೊಸದು, ಮುಚ್ಚಳ ಹೊಸದು. ಕೆಲಸ ಮಾಡಿಕೊಟ್ಟ ಗ್ಯಾರೇಜಿನಲ್ಲಿ "ಇನ್ನು ಇಂಜಿನ್ ಬಿಚ್ಚಬೇಕು" ಎಂದರು. ಬಿಚ್ಚುವ ಮೊದಲು ಒಂದು ಭಾನುವಾರ ನಾನೇ ಕೆಳಗೆ ಮಲಗಿ, ಬ್ಲಾಕಿನ (ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಭಾಗದ) ಪಕ್ಕದಲ್ಲಿರುವ ನೀರು ಬಿಡುವ ನಲ್ಲಿಯನ್ನು ತಿರುಗಿಸಿದೆ. ರೇಡಿಯೇಟರ್ ತುಂಬ ನೀರಿದ್ದರೂ ನಲ್ಲಿಯಿಂದ ಒಂದು ಹನಿಯೂ ಬೀಳಲಿಲ್ಲ. ನಲ್ಲಿಯನ್ನೇ ಪಾನಾ ಹಾಕಿ ಪೂರ್ತಿ ಬಿಚ್ಚಿದೆ, ಆಗಲೂ ಇಲ್ಲ. ಛತ್ರಿಯ ಕಡ್ಡಿಯೊಂದನ್ನು ರಂಧ್ರದೊಳಗೆ ತೂರಿಸಿ ಕೆದಕಿದಾಗ ಮೊದಲು ಒದ್ದೆ ಇಟ್ಟಿಗೆಪುಡಿಯಂಥದ್ದು ಉದುರಿತು, ಆಮೇಲೆ ಗಟ್ಟಿ ರಾಗಿ ಅಂಬಲಿಯಂತೆ ಕಂದು ಕೆಸರು ಇಳಿಯಿತು, ಅದರ ಹಿಂದೆ ನೀರು ಭರ್ರನೆ ಮುಖಕ್ಕೇ ಹೊಡೆಯಿತು. ಹಿಂದಿನ ಎರಡು ಸಿಲಿಂಡರುಗಳ ಸುತ್ತ ನೀರು ಹರಿಯುತ್ತಲೇ ಇರಲಿಲ್ಲ ಎಂಬುದು ಆಗ ತಿಳಿಯಿತು.

ಕಾರಣ ಸರಳವಾದದ್ದು. ಪಂಪ್ ಇರುವುದು ಇಂಜಿನ್ನಿನ ಮುಂದೆ. ಹಿಂದಕ್ಕೆ ಹೋದಂತೆ ನೀರಿನ ವೇಗ ಕಡಿಮೆ. ಹೊಳೆ ತಿರುಗುವಲ್ಲಿ ಹೂಳು ನಿಲ್ಲುವಂತೆ ತುಕ್ಕು, ಎರಕದ ಮರಳು, ಸುಣ್ಣದ ಚೂರುಗಳೆಲ್ಲ ಹಿಂಭಾಗದ ತಳದಲ್ಲಿ ನಿಲ್ಲುತ್ತವೆ. ಬರೀ ರೇಡಿಯೇಟರ್ ಖಾಲಿ ಮಾಡಿ ತುಂಬಿಸುವುದರಿಂದ ಅದು ಹೊರಬರುವುದಿಲ್ಲ.

ತೆಗೆಯುವ ಕ್ರಮ ಹೀಗಿದೆ. ಥರ್ಮೋಸ್ಟಾಟ್ ತೆಗೆದಿಟ್ಟು, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳನ್ನು ರೇಡಿಯೇಟರಿನಿಂದ ಕಳಚಿ, ಬ್ಲಾಕಿನ ನಲ್ಲಿಯನ್ನು ಬಿಚ್ಚಿ, ತಂತಿಯಿಂದ ಎಲ್ಲ ದಿಕ್ಕಿಗೂ ಕೆದಕಿ. ಆಮೇಲೆ ತೋಟದ ಪೈಪನ್ನು ಮೇಲಿನ ಬಾಯಿಗೆ ಚಿಂದಿ ಬಟ್ಟೆ ಸುತ್ತಿ ಹಿಡಿದು, ನೀರನ್ನು ಅದರ ಮಾಮೂಲಿ ದಿಕ್ಕಿಗೆ ವಿರುದ್ಧವಾಗಿ ಬಿಡಿ. ನಡುನಡುವೆ ಮತ್ತೆ ಕೆದಕಿ. ಬರುವ ನೀರು ತಿಳಿಯಾಗಲು ಅರ್ಧ ದಿನ ಹಿಡಿದರೂ ಬೇಸರಪಡಬೇಡಿ. ಕೆಸರು ತೀರ ಗಟ್ಟಿಯಾಗಿದ್ದರೆ ಬ್ಲಾಕಿನ ಪಕ್ಕದ ತಗಡಿನ ಬಿರಡೆಗಳನ್ನು ತೆಗೆದು ಒಳಗೆ ಕೈಯಾಡಿಸಬೇಕಾಗುತ್ತದೆ. ಆ ಬಿರಡೆಗಳನ್ನು ಮತ್ತೆ ಬಳಸುವಂತಿಲ್ಲ, ಹೊಸದೇ ಬಡಿಯಬೇಕು.

ಸುಣ್ಣದ ಪದರ ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಕೆಸರು ಹೋದ ಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಪ್ರತಿ ಲೀಟರ್ ನೀರಿಗೆ 40 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಕರಗಿಸಿ ತುಂಬಿಸಿ, ಇಂಜಿನ್ನನ್ನು ಅರ್ಧ ಗಂಟೆ ಓಡಿಸಿ, ಆರಿದ ಮೇಲೆ ಹೊರಗೆ ಬಿಡಿ. ಅನಂತರ ಬರೀ ನೀರು ತುಂಬಿಸಿ ಓಡಿಸಿ ಖಾಲಿ ಮಾಡುವುದನ್ನು ಎರಡು ಮೂರು ಸಲ ಮಾಡಿ. ಕೊನೆಯ ಸಲಕ್ಕಿಂತ ಮೊದಲಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದರೆ ಉಳಿದ ಹುಳಿ ಮುರಿಯುತ್ತದೆ. ಹುಳಿನೀರನ್ನು ರಾತ್ರಿಯಿಡೀ ಒಳಗೆ ಬಿಡಬಾರದು. ಪದ್ಮಿನಿಯವರು ಅಲ್ಯುಮಿನಿಯಂ ಹೆಡ್ಡಿನ ಕಾರಣದಿಂದ ನಿಂಬೆ ಉಪ್ಪಿನ ಪ್ರಮಾಣವನ್ನೂ ಸಮಯವನ್ನೂ ಅರ್ಧಕ್ಕೆ ಇಳಿಸಬೇಕು. ಒಂದು ಎಚ್ಚರಿಕೆ: ಸುಣ್ಣವೇ ಮುಚ್ಚಿಟ್ಟಿದ್ದ ಸಣ್ಣ ಸೋರಿಕೆಗಳು ಈ ತೊಳೆತದ ನಂತರ ಬಯಲಾಗುತ್ತವೆ. ಆದ್ದರಿಂದ ದೂರ ಪ್ರಯಾಣದ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ನಾಲ್ಕನೆಯ ಹಂತ: ರೇಡಿಯೇಟರ್

ಬ್ಲಾಕ್ ತೊಳೆದ ಮೇಲೆಯೇ ರೇಡಿಯೇಟರಿನ ಸರದಿ. ತಿರುಗುಮುರುಗಾದರೆ ಬ್ಲಾಕಿನ ಕೆಸರು ಹೊಸ ಜಾಲರಿಯೊಳಗೆ ಹೋಗಿ ಕೂರುತ್ತದೆ, ನನಗೆ ಆದದ್ದೂ ಅದೇ. ಇಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿ, ಜಾಲರಿಯ ಮೇಲೆ ತಾಪಮಾಪಕವನ್ನು ಅಡ್ಡಡ್ಡ ಸಾಲಾಗಿ ಆಡಿಸಿ ನೋಡಿ. ಮೇಲಿನಿಂದ ಕೆಳಗೆ ಕ್ರಮವಾಗಿ ತಂಪಾಗುತ್ತ ಬಂದರೆ ಸರಿ. ಒಂದು ಪಕ್ಕದಲ್ಲಿ ಮಾತ್ರ ಥಟ್ಟನೆ ತಣ್ಣಗಿದ್ದರೆ ಅಲ್ಲಿಯ ಕೊಳವೆಗಳು ಕಟ್ಟಿಕೊಂಡಿವೆ. ಬಿಚ್ಚಿದ ರೇಡಿಯೇಟರನ್ನು ನಿಲ್ಲಿಸಿ, ಕೆಳಬಾಯಿಗೆ ಅಂಗೈ ಒತ್ತಿ ನೀರು ತುಂಬಿಸಿ, ಕೈ ತೆಗೆದಾಗ ಕೊಡ ಬಗ್ಗಿಸಿದಂತೆ ನೀರು ಸುರಿಯಬೇಕು, ನಲ್ಲಿಯಂತೆ ಹರಿಯಬಾರದು.

ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರಿನ ದೊಡ್ಡ ಗುಣವೆಂದರೆ ಅದನ್ನು ಬಿಚ್ಚಿ ಸರಿಮಾಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಹುಡುಕಿದರೂ ಸರಿ, ನಿಮ್ಮೂರಿನ ಲಾರಿ ಗ್ಯಾರೇಜುಗಳ ಸಾಲಿನಲ್ಲಿ ಹುಡುಕಿದರೂ ಸರಿ, ಟ್ಯಾಂಕಿನ ಬೆಸುಗೆ ಬಿಡಿಸಿ ಒಂದೊಂದು ಕೊಳವೆಗೂ ಚಪ್ಪಟೆ ಕಡ್ಡಿ ಆಡಿಸಿ ಮತ್ತೆ ಬೆಸುಗೆ ಹಾಕುವವರು ಇನ್ನೂ ಇದ್ದಾರೆ. ರೆಕ್ಕೆಗಳೇ ಕೊಳೆತು ಕೈಗೆ ಪುಡಿಯಾಗಿ ಬರುತ್ತಿದ್ದರೆ ಮಾತ್ರ ಹೊಸ ಜಾಲರಿ ಹಾಕಿಸಿ, ಆಗ ಸಾಲುಗಳ ಸಂಖ್ಯೆ ಹಳೆಯದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ದಪ್ಪ ಎನಾಮೆಲ್ ಬಳಿಯಲು ಬಿಡಬೇಡಿ. ತೆಳುವಾದ ಕಪ್ಪು ಬಣ್ಣ ಒಂದು ಕೈ ಸಾಕು.

ಐದನೆಯ ಹಂತ: ಥರ್ಮೋಸ್ಟಾಟ್ ಕಿತ್ತೆಸೆಯಬೇಡಿ

"ನಮ್ಮ ಹವೆಗೆ ಅದು ಬೇಡ ಸಾರ್" ಎಂದು ಅದನ್ನು ತೆಗೆದುಹಾಕುವ ಮೆಕ್ಯಾನಿಕ್ಕುಗಳು ಊರೂರಲ್ಲಿ ಇದ್ದಾರೆ. ಅಂಟಿಕೊಂಡ ಥರ್ಮೋಸ್ಟಾಟ್ ತೆಗೆದಾಗ ಗಾಡಿ ತಂಪಾದದ್ದನ್ನು ಒಮ್ಮೆ ಕಂಡವರು ಅದನ್ನೇ ಸಿದ್ಧಾಂತ ಮಾಡಿಕೊಂಡಿರುತ್ತಾರೆ. ಅದಿಲ್ಲದ ಇಂಜಿನ್ ಡಿಸೆಂಬರಿನ ಬೆಳಗಿನಲ್ಲಿ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ಲಿನಲ್ಲಿ ಕೆಸರು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬಿಸಿ ಪ್ರದೇಶಕ್ಕೆಂದು 74 ಡಿಗ್ರಿಗೆ ತೆರೆಯುವಂಥದ್ದನ್ನು ಹಾಕಿಕೊಂಡರೆ ಯಾವ ತೊಂದರೆಯೂ ಇಲ್ಲ.

ಹೊಸದಾದರೂ ಹಾಕುವ ಮೊದಲು ಪರೀಕ್ಷಿಸಬೇಕು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಸಣ್ಣ ಉರಿಯಲ್ಲಿ ಕಾಯಿಸಿ. ಮೇಲೆ ಕೊರೆದಿರುವ ಅಂಕಿಯ ಹತ್ತಿರ ಕವಾಟ ಕದಲತೊಡಗಿ, ಅಲ್ಲಿಂದ ಹತ್ತು ಹನ್ನೆರಡು ಡಿಗ್ರಿಯೊಳಗೆ ಪೂರ್ತಿ ತೆರೆಯಬೇಕು. ಅಂಚಿನಲ್ಲಿ ಗಾಳಿ ಹೋಗುವ ಸಣ್ಣ ರಂಧ್ರ ಇಲ್ಲದಿದ್ದರೆ 3 ಮಿ.ಮೀ.ನ ಒಂದು ತೂತು ಕೊರೆದುಕೊಳ್ಳಿ. ನೀರು ತುಂಬಿಸುವಾಗ ಹೆಡ್ಡಿನಡಿ ಸಿಕ್ಕಿಕೊಳ್ಳುವ ಗಾಳಿ ಆ ದಾರಿಯಲ್ಲಿ ಹೊರಟುಹೋಗುತ್ತದೆ.

ಆರನೆಯ ಹಂತ: ಪೈಪು, ಬೆಲ್ಟ್, ಗಾಳಿಯ ದಾರಿ

ಕೆಳಗಿನ ಹೋಸ್ ಪೈಪು ಪಂಪಿನ ಹೀರುವ ಪಕ್ಕದಲ್ಲಿದೆ. ಒಳಗಿನ ತಂತಿಸುರುಳಿ ತುಕ್ಕು ಹಿಡಿದು ಮಾಯವಾಗಿದ್ದರೆ ಹೆಚ್ಚು ವೇಗದಲ್ಲಿ ಅದು ಸ್ಟ್ರಾ ಹೀರಿದಂತೆ ಚಪ್ಪಟೆಯಾಗುತ್ತದೆ. ನಿಂತಾಗ ನೋಡಿದರೆ ಏನೂ ತಿಳಿಯದು. ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಪೈಪನ್ನೇ ಗಮನಿಸಬೇಕು. ಫ್ಯಾನ್ ಬೆಲ್ಟನ್ನು ಉದ್ದದ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲದಷ್ಟು ಬಾಗಬೇಕು. ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ನೀರಿನ ಕಲೆ ಕಂಡರೆ ಅದರ ಸೀಲ್ ಹೋಗಿದೆ.

ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಗ್ರಿಲ್ಲಿನಿಂದ ಒಳಬಂದದ್ದು ರೇಡಿಯೇಟರನ್ನು ತೂರುವ ಬದಲು ಅದರ ಅಕ್ಕಪಕ್ಕದ ಸಂದಿಗಳಲ್ಲಿ ನುಸುಳಿ ಹೋಗುತ್ತದೆ. ಆ ಸಂದಿಗಳನ್ನು ಫೋಮ್ ಪಟ್ಟಿಯಿಂದ ಮುಚ್ಚುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ. ಗ್ರಿಲ್ಲಿನ ಹಿಂದೆ ಜೋಡಿಸಿದ ದೊಡ್ಡ ಹಾರನ್ನುಗಳು, ಮುಂದೆ ಕಟ್ಟಿದ ಹೆಚ್ಚುವರಿ ದೀಪಗಳು, ರೆಕ್ಕೆಗಳ ನಡುವೆ ಸಿಕ್ಕ ಹತ್ತಿಯ ಎಳೆ ಮತ್ತು ಹುಳುಗಳನ್ನು ತೆಗೆಯಿರಿ. ರೆಕ್ಕೆಗಳನ್ನು ತೊಳೆಯುವಾಗ ನೀರನ್ನು ಇಂಜಿನ್ ಪಕ್ಕದಿಂದ ಹೊರಕ್ಕೆ, ಮೆಲ್ಲಗೆ ಬಿಡಬೇಕು. ಬಿಚ್ಚಿ ಜೋಡಿಸುವಾಗ ಫ್ಯಾನ್ ಹಿಂದುಮುಂದಾಗಿ ಕೂತಿರುವುದನ್ನೂ ನಾನು ಕಂಡಿದ್ದೇನೆ. ಬಾನೆಟ್ಟಿನ ಹಿಂಬದಿಯನ್ನು ವಾಷರ್ ಕೊಟ್ಟು ಎತ್ತರಿಸುವ ಒಂದು ಉಪಾಯವೂ ಚಾಲ್ತಿಯಲ್ಲಿದೆ. ನಿಂತಿರುವಾಗ ಬಿಸಿ ಗಾಳಿ ಅಲ್ಲಿಂದ ಏಳುವುದು ನಿಜವೇ. ಆದರೆ ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಅದೇ ಸಂದಿಯಿಂದ ಗಾಳಿ ಒಳಕ್ಕೆ ನುಗ್ಗಿ, ರೇಡಿಯೇಟರಿನಿಂದ ಬರುವ ಗಾಳಿಗೆ ಎದುರು ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೂ ನಗರದ ದಟ್ಟಣೆಯಲ್ಲಿ ಸಾಲದಾದರೆ ಮಾತ್ರ ಎಲೆಕ್ಟ್ರಿಕ್ ಫ್ಯಾನ್. ಡೈನಮೋ ಇರುವ ಹಳೆಯ ಗಾಡಿಗೆ ಅದು ಹೊರೆ, ಏಕೆಂದರೆ ಆ ಡೈನಮೋ ಕೊಡುವುದೇ ಹೆಚ್ಚೆಂದರೆ 22 ಆಂಪಿಯರ್, ನಿಂತಲ್ಲೇ ಓಡುವಾಗ ಬಹುತೇಕ ಸೊನ್ನೆ. ಫ್ಯಾನ್ ಬೇಕಾಗುವುದೂ ಆಗಲೇ. ಮೊದಲು ಆಲ್ಟರ್ನೇಟರ್, ಆಮೇಲೆ ರಿಲೇ ಮತ್ತು ಫ್ಯೂಸ್ ಸಮೇತ ಫ್ಯಾನ್.

ಏಳನೆಯ ಹಂತ: ಬೆಂಕಿಯ ಕಡೆಯೂ ನೋಡಿ

ಉರಿದ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಿಗೆ ಬರುತ್ತದೆ. ಒಲೆಯ ಉರಿ ಸರಿಮಾಡದೆ ಪಾತ್ರೆಗೆ ನೀರು ಹೊಯ್ಯುತ್ತಿದ್ದರೆ ಎಷ್ಟು ಹೊಯ್ದರೂ ಸಾಲದು. ಟೈಮಿಂಗ್ ಹಿಂದೆ ಬಿದ್ದಿದ್ದರೆ, ಅಂದರೆ ಕಿಡಿ ತಡವಾಗಿ ಹಾರುತ್ತಿದ್ದರೆ, ಪಿಸ್ಟನ್ ಕೆಳಗಿಳಿಯುವಾಗಲೂ ಬೆಂಕಿ ಉರಿಯುತ್ತಲೇ ಇದ್ದು ಸಿಲಿಂಡರಿನ ಗೋಡೆ ಮತ್ತು ಎಕ್ಸಾಸ್ಟ್ ಕಾಯುತ್ತವೆ. ಕಟಕಟ ಸದ್ದಿಗೆ ಹೆದರಿ ಟೈಮಿಂಗನ್ನು ತೀರ ಹಿಂದಕ್ಕೆ ಇಟ್ಟಿರುವ ಗಾಡಿಗಳು ಬಹಳ. ಅವುಗಳ ಮಾಲೀಕರು ರೇಡಿಯೇಟರ್ ಅಂಗಡಿಗೆ ಅಲೆಯುತ್ತಿರುತ್ತಾರೆ.

ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗದ) ಒಳಗಿನ ಪಾಯಿಂಟ್ ಸಂದು 0.4 ಮಿ.ಮೀ.ಗೆ ಹೊಂದಿಸಿಕೊಂಡು, 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ತೆಳು ತಂತಿಯ ತುದಿಗೂ ಇನ್ನೊಂದನ್ನು ಬಾಡಿಗೂ ಸೇರಿಸಿ, ಕೀ ತಿರುಗಿಸಿ, ಹ್ಯಾಂಡಲ್ ಹಾಕಿ ಇಂಜಿನ್ನನ್ನು ನಿಧಾನವಾಗಿ ತಿರುಗಿಸಿ. ಬಲ್ಬ್ ಹತ್ತುವ ಕ್ಷಣವೇ ಕಿಡಿ ಹಾರುವ ಕ್ಷಣ. ಆಗ ಮುಂದಿನ ಪುಲ್ಲಿಯ ಗುರುತು ನಿಮ್ಮ ಗಾಡಿಯ ಕೈಪಿಡಿ ಹೇಳುವಲ್ಲಿಗೆ ಬಂದಿರಬೇಕು. ಇಷ್ಟಕ್ಕೇ ನಿಲ್ಲಬೇಡಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುವಿ ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರಬೇಕು. ಬಾರದಿದ್ದರೆ ಒಳಗಿನ ತೂಕಗಳು ತುಕ್ಕು ಹಿಡಿದಿವೆ ಮತ್ತು ವೇಗ ಹೆಚ್ಚಿದಾಗ ಕಿಡಿ ಮುಂದಕ್ಕೆ ಸರಿಯುತ್ತಿಲ್ಲ. ಕಾರ್ಬುರೇಟರಿನಿಂದ ಬರುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಪಾಯಿಂಟಿನ ತಟ್ಟೆ ಸರಿದು, ನಾಲಿಗೆ ತೆಗೆಯುವವರೆಗೂ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಪೊರೆ ಹರಿದಿದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಓಡಿಸುವಾಗಲೂ ಮುಳ್ಳು ಏರುವುದಕ್ಕೆ ಇದೊಂದೇ ಕಾರಣ ಸಾಕಾಗುತ್ತದೆ.

ಇಂಧನದ ವಿಷಯ ಈಚೆಗೆ ಹೊಸ ತಿರುವು ಪಡೆದಿದೆ. 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯ. ಎಥನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಒಂದು ಭಾಗ ಇಂಧನಕ್ಕೆ ಬೇಕಾದ ಗಾಳಿ ಬರೀ ಪೆಟ್ರೋಲಿನ 14.7 ಭಾಗದಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಕಾರ್ಬುರೇಟರಿಗೆ ಇದು ಗೊತ್ತಿಲ್ಲ. ಅದು ಹಿಂದಿನ ಲೆಕ್ಕದಲ್ಲೇ ಇಂಧನ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣ ಇಂಜಿನ್ನನ್ನು ಇನ್ನಷ್ಟು ಕಾಯಿಸುತ್ತದೆ. ಪ್ಲಗ್ಗಿನ ತುದಿ ಗೋಧಿಯ ಬಣ್ಣಕ್ಕಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಎಸ್‌ಯು ಕಾರ್ಬುರೇಟರ್ ಇರುವವರು ಜೆಟ್ಟಿನ ನಟ್ಟನ್ನು ಒಂದೊಂದು ಮುಖದಷ್ಟೇ ಕೆಳಕ್ಕೆ ತಿರುಗಿಸಿ ಪರೀಕ್ಷಿಸಬೇಕು. ಸೋಲೆಕ್ಸ್ ಇರುವವರು ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸಬೇಕು. ಅದಕ್ಕೂ ಮೊದಲು ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಪೈಪುಗಳಿಗೆ ಬದಲಿಸುವುದು ಬೆಂಕಿಯ ಭಯದ ದೃಷ್ಟಿಯಿಂದಲೂ ಕಡ್ಡಾಯ.

ನೀರಲ್ಲ, ಪೆಟ್ರೋಲ್ ಕುದಿಯುತ್ತಿರಬಹುದು

ಮುಳ್ಳು ನೆಟ್ಟಗಿದೆ, ಆದರೂ ಗಾಡಿ ಕೆಮ್ಮಿ ನಿಂತಿತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಚಾಲೂ ಆಗುತ್ತದೆ. ಇದನ್ನೂ ಹೀಟ್ ಎಂದೇ ಕರೆಯುತ್ತಾರೆ, ಆದರೆ ಇದು ಬೇರೆ ರೋಗ. ಈ ಇಂಜಿನ್ನಿನಲ್ಲಿ ಕಾರ್ಬುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ; ಕೆಳಗಿನ ಕೆಂಡ ಮೇಲಿನ ಪೆಟ್ರೋಲನ್ನು ಕುದಿಸಿ ಆವಿ ಮಾಡುತ್ತದೆ, ಪೆಟ್ರೋಲ್ ಎಳೆಯುವ ಪಂಪಿಗೆ ಆವಿಯನ್ನು ದೂಡಲು ಬರುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಕಾಟ ಇನ್ನೂ ಹೆಚ್ಚು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಟ್ಯಾಕ್ಸಿ ಡ್ರೈವರುಗಳ ಉಪಾಯ ಹಾಸ್ಯದ ವಿಷಯವಲ್ಲ, ನೀರು ಆರುವಾಗ ಬಿಸಿಯನ್ನು ಹೀರುವುದರಿಂದ ಅದು ಕೆಲಸ ಮಾಡುತ್ತದೆ. ಶಾಶ್ವತ ಪರಿಹಾರಕ್ಕೆ ಕಾರ್ಬುರೇಟರಿನ ಬುಡಕ್ಕೆ ದಪ್ಪ ಬೇಕಲೈಟ್ ತುಂಡು, ಮ್ಯಾನಿಫೋಲ್ಡಿನ ಮೇಲೆ ತಗಡಿನ ಮರೆ, ಪೆಟ್ರೋಲ್ ಪೈಪನ್ನು ಬ್ಲಾಕಿನಿಂದ ದೂರ ಸರಿಸಿ ಶಾಖನಿರೋಧಕ ಕೊಳವೆಯೊಳಗೆ ಹಾಯಿಸುವುದು, ಈ ಮೂರನ್ನು ಮಾಡಿಸಿ.

ದಾರಿಯಲ್ಲಿ

ಹೊರಡುವ ಮೊದಲು ಗಾಡಿಯನ್ನು ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಒಂದೊಂದು ಚಕ್ರದ ನಡುಭಾಗವನ್ನೂ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಂಜಿನ್ ಅದನ್ನೂ ಎಳೆಯುತ್ತಿದೆ. 20ಡಬ್ಲ್ಯೂ-50 ಆಯಿಲ್ ಮೇಲಿನ ಗೆರೆಗೆ ಇರಲಿ. ಬೆಳಿಗ್ಗೆ ಐದಕ್ಕೆ ಹೊರಟು ಹತ್ತೂವರೆಗೆ ನೆರಳು ಸೇರುವ ಹಳೆಯ ಲಾರಿಯವರ ಪದ್ಧತಿಗೆ ಸಮನಾದ ಉಪಕರಣ ಯಾವ ಅಂಗಡಿಯಲ್ಲೂ ಸಿಗದು.

ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಮೇಲಿನ ಗೇರಿನಲ್ಲಿ ಉಸಿರು ಕಟ್ಟಿಸಿ ಏರಿಸಬೇಡಿ. ಒಂದು ಗೇರ್ ಇಳಿಸಿದರೆ ಸದ್ದು ಹೆಚ್ಚಾಗುತ್ತದೆ, ಆದರೆ ಪಂಪೂ ಫ್ಯಾನೂ ಬೇಗ ತಿರುಗುತ್ತವೆ. ಲಾರಿಯ ಬಾಲ ಹಿಡಿದು ಹೋದರೆ ನಿಮ್ಮ ಗ್ರಿಲ್ಲಿಗೆ ಬರುವುದು ಅದರ ಬಿಸಿ ಗಾಳಿಯೇ. ಮುಳ್ಳು ಏರತೊಡಗಿದಾಗ ಎಸಿ ಇದ್ದರೆ ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ ಕಿಟಕಿ ಇಳಿಸಿ. ನೀರು ಇನ್ನೂ ಕುದಿಯದಿದ್ದರೆ ನೆರಳಿನಲ್ಲಿ ನಿಲ್ಲಿಸಿ, ಇಂಜಿನ್ನನ್ನು ಒಂದೆರಡು ನಿಮಿಷ ಹಾಗೆಯೇ ಓಡಲು ಬಿಟ್ಟು ಆರಿಸಿ. ಥಟ್ಟನೆ ಆರಿಸಿದರೆ ನಿಂತ ನೀರು ಬಿಸಿ ಲೋಹದಿಂದ ಇನ್ನಷ್ಟು ಕಾಯುತ್ತದೆ. ಆವಿ ಹೊರಗೆ ಬರುತ್ತಿದ್ದರೆ ಮಾತ್ರ ಕೂಡಲೇ ಆರಿಸಿ.

ಆಮೇಲೆ ಬೇಕಾಗಿರುವುದು ತಾಳ್ಮೆ. ಮುಚ್ಚಳವನ್ನು ಮುಟ್ಟುವ ಮೊದಲು ಕನಿಷ್ಠ ನಲವತ್ತು ನಿಮಿಷ ಕಾಯಬೇಕು. ಮೇಲಿನ ಹೋಸ್ ಪೈಪನ್ನು ಹಿಚುಕಿ ನೋಡಿ. ಗಟ್ಟಿಯಿದ್ದರೆ ಒಳಗೆ ಇನ್ನೂ ಒತ್ತಡವಿದೆ. ಮೆತ್ತಗಾದ ಮೇಲೆ ದಪ್ಪ ಒದ್ದೆ ಬಟ್ಟೆ ಮುಚ್ಚಿ, ಮುಖ ಪಕ್ಕಕ್ಕೆ ಮಾಡಿ, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಬುಸ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಬಾವಿಯ ತಣ್ಣೀರನ್ನು ಒಮ್ಮೆಲೇ ಹೊಯ್ದರೆ ಎರಕದ ಕಬ್ಬಿಣ ಬಿರಿಯುತ್ತದೆ, ಅಲ್ಯುಮಿನಿಯಂ ಹೆಡ್ಡಾದರೆ ಡೊಂಕಾಗುತ್ತದೆ. ಇಂಜಿನ್ ಚಾಲೂ ಮಾಡಿಕೊಂಡು, ಚೊಂಬಿನಿಂದ ತೆಳುಧಾರೆಯಾಗಿ, ನಡುನಡುವೆ ನಿಲ್ಲಿಸುತ್ತ ಹಾಕಬೇಕು. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಫ್ಯಾನ್ ಬೆಲ್ಟ್, ಮೇಲಿನ ಹಾಗೂ ಕೆಳಗಿನ ಹೋಸ್ ಪೈಪು, ನಾಲ್ಕು ಕ್ಲಿಪ್ಪು, ಸ್ಕ್ರೂಡ್ರೈವರ್ ಮತ್ತು ಒಂದು ಪಾನಾ ಸೆಟ್ ಇರಬೇಕು.

ಊರು ಸೇರಿದ ಮಾರನೆಯ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಮುಚ್ಚಳ ತೆಗೆದು ಅದೇ ಒಂದು ಅಂಗುಲದ ಗುರುತಿಗೆ ನೀರು ಇದೆಯೇ ಎಂದು ನೋಡಿ. ಇಳಿದಿದ್ದರೆ ಎಷ್ಟು ಲೋಟ ಹಿಡಿಯಿತೆಂದು ಪುಸ್ತಕದಲ್ಲಿ ಬರೆದುಕೊಂಡು, ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ ಹನಿ ಎಲ್ಲಿ ಬೀಳುತ್ತದೆಂದು ಹುಡುಕತೊಡಗಿ.